ಸಿಯಾ ಎಂದರೆ ಯಾರು?

ಮಧ್ಯಾಹ್ನ ಎರಡಾದರೂ ಮೇಷ್ಟ್ರು ಏಳಲಿಲ್ಲ. ಉಸಿರಿತ್ತು. ತುಟಿ ಅಲ್ಲಾಡುತ್ತಿತ್ತು. ಕಣ್ಣು ಮಾತ್ರ ತೆರೆಯುತ್ತಿರಲಿಲ್ಲ. ಅವರ ಮೇಜಿನ ಡ್ರಾಯರ್ ಖಾಲಿ. ಫಿಲಿಪಿನೋ ಮತ್ತು ಅಸ್ಸಾಮಿನ ಬೋಡೋ ಭಾಷೆಗಳನ್ನು ಹೋಲಿಸಿ ಹನ್ನೊಂದು ವರ್ಷ ಬರೆದ ಹಸ್ತಪ್ರತಿ ಅಲ್ಲಿರಲಿಲ್ಲ. ಇದ್ದದ್ದು ಒಂದು ಚೀಟಿ.

ನಾನು ಠಾಣೆಯ ರೈಟರ್. ಸಾಹೇಬರು ನೋಡುತ್ತಾರೆ, ನಾನು ಬರೆಯುತ್ತೇನೆ. ನಮ್ಮ ಇನ್‌ಸ್ಪೆಕ್ಟರ್ ಸಾಹೇಬರಿಗೆ ಠಾಣೆಯಲ್ಲಿ 'ತೂಕಡಿಕೆ' ಎಂದು ಅಡ್ಡಹೆಸರು. ಯೋಚಿಸುವಾಗ ಕಣ್ಣು ಮುಚ್ಚುತ್ತಾರೆ. ಯೋಚಿಸದಿರುವಾಗಲೂ ಮುಚ್ಚುತ್ತಾರೆ. ಆದರೆ ಆ ಕೋಣೆಗೆ ಹೊಕ್ಕ ಮೇಲೆ ನಾನೂ ಅವರನ್ನು ದೂರಲಾರೆ. ಪರದೆ ಎಳೆದಿತ್ತು. ಫ್ಯಾನು ಸುಮ್ಮನೆ ತಿರುಗುತ್ತಿತ್ತು. ಮೇಷ್ಟ್ರು ನಿದ್ದೆಯಲ್ಲೇ ನಮಗೆ ಗೊತ್ತಿಲ್ಲದ ಮಾತುಗಳನ್ನು ಗುನುಗುತ್ತಿದ್ದರು. ಕೇಳುತ್ತಾ ನಿಂತರೆ ಕಾಲು ನೆಲದ ಮೇಲಿದೆಯೋ ಇಲ್ಲವೋ ಎನಿಸುತ್ತಿತ್ತು.

"ನಿದ್ದೆ ಮಾತ್ರೆ ಜಾಸ್ತಿಯಾಗಿದೆ. ಪ್ರಾಣಕ್ಕೇನೂ ಭಯವಿಲ್ಲ, ಸಂಜೆಗೆ ಏಳ್ತಾರೆ," ಎಂದು ಹೇಳಿ ಡಾಕ್ಟರು ಹೊರಟುಹೋದರು.

ನಮಗೆ ಫೋನು ಮಾಡಿದವನು ಮೇಷ್ಟ್ರ ಹಳೆಯ ಶಿಷ್ಯ. ಈಗ ಕಾಲೇಜಿನಲ್ಲಿ ಭಾಷಾ ವಿಭಾಗದ ಮುಖ್ಯಸ್ಥ. ಬೆಳಿಗ್ಗೆಯಿಂದ ಇಲ್ಲೇ ಇದ್ದನಂತೆ, ಅವನ ಸ್ಕೂಟರ್ ಗೇಟಿನ ಬಳಿ ನಿಂತಿತ್ತು.

"ಇದರಲ್ಲಿ ಪತ್ತೆ ಮಾಡೋದೇನಿದೆ ಸಾರ್?" ಎಂದ. "ದಿನಾ ಮಾತ್ರೆ ಕೊಡೋದು ನರ್ಸು. ಚೀಟಿ ಇರೋದು ಅವಳ ಭಾಷೇಲಿ. ಏಜೆನ್ಸಿಗೂ ಹೇಳಿದೀನಿ. ಐದು ಗಂಟೆಗೆ ಕಾರು ಬರುತ್ತೆ, ಅವಳನ್ನ ವಾಪಸ್ ಕಳಿಸ್ತಾರೆ."

ನರ್ಸು ಬಾಗಿಲ ಬಳಿ ನಿಂತಿದ್ದಳು. ಫಿಲಿಪಿನೋ ಅವಳ ತಾಯ್ನುಡಿ. ಆರು ವರ್ಷದಿಂದ ಈ ಮನೆಯಲ್ಲಿದ್ದಾಳೆ. ಕನ್ನಡ ಕಲಿಸಿದವರೇ ಮೇಷ್ಟ್ರು. ಬೆಳಿಗ್ಗೆ ಔಷಧಿ ಅಂಗಡಿಗೆ ಹೋಗುವಾಗ ಮೇಷ್ಟ್ರನ್ನು ಶಿಷ್ಯನಿಗೆ ಒಪ್ಪಿಸಿ ಹೋಗಿದ್ದಳಂತೆ. ಪೆಟ್ಟಿಗೆ ಆಗಲೇ ಕಟ್ಟಿಟ್ಟಿದ್ದಳು.

"ಕಳ್ಳಿ ಅಂತ ಕಳಿಸಿದ್ರೆ ನನ್ನನ್ನ ಇನ್ಯಾವ ಮನೆಗೂ ಸೇರಿಸಲ್ಲ ಸಾರ್. ಅದು ಹೋಗ್ಲಿ. ಇವರನ್ನ ನೋಡ್ಕೊಳ್ಳೋರು ಯಾರು?"

ನಾನು ಗಡಿಯಾರ ನೋಡಿದೆ. ಗಂಟೆ ಮೂರೂವರೆ.

*

ಚೀಟಿಯಲ್ಲಿ ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಒಂದೇ ಸಾಲಿತ್ತು. ನಾನು ಅದನ್ನು ಕನ್ನಡದಲ್ಲಿ ಬರೆದುಕೊಂಡೆ: 'ಸಿಯಾ ಬಬಾಯೆ ಮಂಗಾ ಪಪೆಲ್ ಕಿನುಹಾ.'

"ಅವಳು ಕಾಗದಗಳನ್ನು ತಗೊಂಡಳು ಅಂತ ಅರ್ಥ," ಎಂದ ಶಿಷ್ಯ. "ಅವಳು ಅಂದ್ರೆ ಎದುರುಮನೆ ಬೋಡೋ ನೇಯ್ಗೆಯವಳು. ಇಬ್ಬರೂ ಸೇರಿ ಆಡಿರೋ ಆಟ. ಇವಳು ಊರಲ್ಲಿರೋ ತನ್ನ ತಂಗಿಗೆ ಬರೆಯೋಕೆ ಹೋಗಿ ಇಲ್ಲೇ ಬೀಳಿಸಿದಾಳೆ."

ಸಾಹೇಬರು ಕಣ್ಣು ಮುಚ್ಚಿದರು. "ತಾಯಿ, ಇದೇ ಮಾತನ್ನ ನೀವು ಹೇಳಿದ್ರೆ ಹೇಗೆ ಹೇಳ್ತೀರಿ?"

"ಕಿನುಹಾ ನಿಯಾ ಆಂಗ್ ಮಂಗಾ ಪಪೆಲ್," ಎಂದಳು ನರ್ಸು ಥಟ್ಟನೆ.

"ತಗೊಂಡಳು ಅನ್ನೋದು ಯಾವುದು?"

"ಕಿನುಹಾ. ನಮ್ಮಲ್ಲಿ ಮೊದಲು ಕೆಲಸ, ಆಮೇಲೆ ಮಾಡಿದವರು."

ಚೀಟಿಯಲ್ಲಿ ಕಿನುಹಾ ಕೊನೆಯಲ್ಲಿತ್ತು. ಶಿಷ್ಯ ಮೇಜು ಕುಟ್ಟಿದ. "ನಾನೇ ಹೇಳ್ಬೇಕಿತ್ತು! ಬೋಡೋದಲ್ಲಿ ಕ್ರಿಯಾಪದ ಕೊನೆಗೆ ಬರೋದು. ಹಾಗಾದ್ರೆ ಬರೆದವಳು ನೇಯ್ಗೆಯವಳೇ!"

ನನಗೂ ಹೌದೆನಿಸಿತು.

*

ನೇಯ್ಗೆಯವಳ ಜಗುಲಿಯಲ್ಲಿ ಮಗ್ಗ ಲಟಲಟ ಎನ್ನುತ್ತಿತ್ತು. ಬೀದಿಗೆ ಬೀದಿಯೇ ಆ ಸದ್ದಿಗೆ ಜೋಂಪು ಹತ್ತಿದಂತಿತ್ತು. ಮೇಷ್ಟ್ರಿಗೆ ಬೋಡೋ ಮಾತು ಹೇಳಿಕೊಟ್ಟವಳು ಇವಳೇ. ನಮ್ಮನ್ನು ಕಂಡರೂ ಕೈ ನಿಲ್ಲಿಸಲಿಲ್ಲ.

"ಅಕ್ಕಾ, ನಿಮ್ಮ ಭಾಷೇಲಿ 'ಅವಳು' ಅನ್ನೋಕೆ ಏನಂತೀರಿ?" ಎಂದು ಸಾಹೇಬರು ಕೇಳಿದರು.

"ಬಿ."

"'ಅವನು' ಅನ್ನೋಕೆ?"

"ಅದಕ್ಕೂ ಬಿ."

"ಗಂಡೋ ಹೆಣ್ಣೋ ಗೊತ್ತಾಗೋದು ಹೇಗೆ?"

"ಗೊತ್ತಾಗಿ ಏನಾಗ್ಬೇಕು ಸ್ವಾಮಿ? ಯಾರ ವಿಷಯ ಅಂತ ಮಾತಾಡೋರಿಗೆ ಗೊತ್ತಿರುತ್ತಲ್ಲ," ಎಂದು ನಕ್ಕಳು. "ನರ್ಸಮ್ಮನ ಭಾಷೇಲೂ ಹಾಗೇ. ಸಿಯಾ ಅಂದ್ರೆ ಇಬ್ಬರೂ. ಆ ವಿಷಯಕ್ಕೆ ಮೇಷ್ಟ್ರು ಮಗು ಥರ ಕುಣಿದಿದ್ರು."

ಸಾಹೇಬರ ಕಣ್ಣು ಪೂರ್ತಿ ತೆರೆಯಿತು. ವರ್ಷಕ್ಕೊಮ್ಮೆ ಕಾಣುವ ದೃಶ್ಯ ಅದು.

*

ನಾಲ್ಕೂ ಮುಕ್ಕಾಲಿಗೆ ಎಲ್ಲರೂ ಮೇಷ್ಟ್ರ ಮಂಚದ ಸುತ್ತ ಸೇರಿದ್ದೆವು.

"ಕ್ರಿಯಾಪದ ಕೊನೆಗಿದೆ. ಆದ್ದರಿಂದ ನರ್ಸು ಬರೆದದ್ದಲ್ಲ," ಎಂದರು ಸಾಹೇಬರು. "ಸಿಯಾ ಪಕ್ಕದಲ್ಲಿ ಬಬಾಯೆ ಇದೆ. ಬಬಾಯೆ ಅಂದ್ರೆ ಹೆಂಗಸು. ಬರೀ ಸಿಯಾ ಅಂದ್ರೆ ಗಂಡೋ ಹೆಣ್ಣೋ ತಿಳಿಯಲ್ಲ ಅಂತ ಯಾರಿಗೋ ಕಸಿವಿಸಿ ಆಗಿದೆ. ನೇಯ್ಗೆ ಅಕ್ಕನಿಗೆ ಅಂಥ ಕಸಿವಿಸಿ ಇಲ್ಲ, ಅವರ 'ಬಿ'ಯೂ ಹಾಗೇ. ಕ್ರಿಯಾಪದ ಕೊನೆಗೇ ಬೇಕು, ಗಂಡೋ ಹೆಣ್ಣೋ ಹೇಳದೆ ವಾಕ್ಯ ಮುಗಿಸೋಕೂ ಆಗಲ್ಲ. ಅಂಥವರು ಯಾರು?"

"ನಾವು ಸಾರ್. ತಗೊಂಡನು, ತಗೊಂಡಳು," ಎಂದೆ. ನಾನೂ ಆರೋಪಿಯಾದೆನಲ್ಲ ಎಂದು ಒಂದು ಕ್ಷಣ ಅಳುಕಿದೆ.

"ಬೆಳಿಗ್ಗೆ ನರ್ಸು ಔಷಧಿ ಅಂಗಡಿಗೆ ಹೋದಾಗ ಮೇಷ್ಟ್ರಿಗೆ ಹಾಲು ಕೊಟ್ಟ ಕನ್ನಡದವರು ಒಬ್ಬರೇ. ಪದಪಟ್ಟಿ ನೋಡಿ ಡಾಕ್ಟರೇಟ್ ತಗೊಂಡವರು, ಆ ಭಾಷೆಯಲ್ಲಿ ಒಂದು ಮಾತೂ ಆಡದವರು." ಸಾಹೇಬರು ಶಿಷ್ಯನ ಕಡೆ ತಿರುಗಿದರು. "ಸ್ಕೂಟರ್ ಡಿಕ್ಕಿ ತೆಗೀರಿ ಸ್ವಾಮಿ."

ಹಸ್ತಪ್ರತಿ ಅಲ್ಲೇ ಇತ್ತು, ಟವೆಲ್ಲಿನಲ್ಲಿ ಸುತ್ತಿ.

ಶಿಷ್ಯ ಕುಸಿದು ಕೂತ. "ಎರಡೂ ಅಕ್ಕತಂಗಿ ಭಾಷೆಗಳು ಅಂತ ನಾನು ಪ್ರಬಂಧ ಬರೆದೆ. ಅಲ್ಲವೇ ಅಲ್ಲ, ಹೋಲಿಕೆ ಬರೀ ಆಕಸ್ಮಿಕ ಅಂತ ಈಗ ಇವರು ಬರೆದಿದಾರಂತೆ. ನನ್ನ ಮಾನ ಏನಾಗ್ಬೇಕು?"

"ಬರೆದಿದಾರಂತೆ? ಓದಲಿಲ್ವಾ?" ಸಾಹೇಬರು ಮೊದಲ ಪುಟವನ್ನು ಗಟ್ಟಿಯಾಗಿ ಓದಿದರು. "'ಇವು ಅಕ್ಕತಂಗಿಯರೆಂದು ನಂಬಿದವನು ನಾನು, ನಂಬಿಸಿದವನೂ ನಾನು. ತಪ್ಪು ನನ್ನೊಬ್ಬನದು.'"

ಪುಟಪುಟ ಹುಡುಕಿದರೂ ಶಿಷ್ಯನ ಹೆಸರು ಎಲ್ಲೂ ಇರಲಿಲ್ಲ. ಅವನು ಮುಖ ಮುಚ್ಚಿಕೊಂಡ. ಅವನ ಮೇಲೂ ನನಗೆ ಅಯ್ಯೋ ಎನಿಸಿತು, ಸುಳ್ಳೇಕೆ ಹೇಳಲಿ.

ಹೊರಗೆ ಕಾರಿನ ಹಾರನ್ನು ಕೇಳಿಸಿತು. ಆ ಸದ್ದಿಗೋ ಏನೋ ಮೇಷ್ಟ್ರು ಕಣ್ಣು ಬಿಟ್ಟರು. ನಿದ್ದೆ ಇನ್ನೂ ಇಳಿದಿರಲಿಲ್ಲ. ಪೊಲೀಸರನ್ನು ನೋಡಲಿಲ್ಲ, ಶಿಷ್ಯನನ್ನೂ ನೋಡಲಿಲ್ಲ. ನರ್ಸಿನ ಪೆಟ್ಟಿಗೆ ನೋಡಿ ಮೆಲ್ಲಗೆ ಏನೋ ಕೇಳಿದರು.

"ಸಾಆನ್ ತಾಯೋ ಪುಪುಂತಾ?"

ನರ್ಸು ಸೆರಗಿಲ್ಲದ ಹೆಗಲಿಗೆ ಕಣ್ಣೊರೆಸಿಕೊಂಡಳು.

"ಏನಂದ್ರು ತಂಗೀ?" ಎಂದೆ.

"ನಾವು ಎಲ್ಲಿಗೆ ಹೊರಟಿದೀವಿ ಅಂತ ಕೇಳಿದ್ರು." ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿದಳು. "ನಮ್ಮ ಭಾಷೇಲಿ ಎರಡು 'ನಾವು' ಇದೆ ಅಣ್ಣಾ. ಒಂದು ನಿನ್ನನ್ನ ಬಿಟ್ಟು ನಾವು. ಇನ್ನೊಂದು ನೀನೂ ಸೇರಿದ ನಾವು. ಅವರು ಹೇಳಿದ್ದು ನಾನೂ ಸೇರಿದ್ದು."

ನಾನು ಹೊರಗೆ ಹೋಗಿ ಕಾರನ್ನು ವಾಪಸ್ ಕಳಿಸಿದೆ.