ಆಮೆಗೂ ಪೇಟಿ ನುಡಿಸಿದ ಮಾಸ್ತರ

ಬಹಳ ಬಹಳ ಹಿಂದೆ, ಗುಡ್ಡಗಳು ಇನ್ನೂ ಮನುಷ್ಯರ ಮಾತು ಕೇಳುತ್ತಿದ್ದ ಕಾಲದಲ್ಲಿ, ಕಂಕಣಾವತಿ ಎಂಬ ರಾಜ್ಯವಿತ್ತು. ಅಲ್ಲಿಯ ಅರಸನಿಗೆ ನಾಟಕದ ಹುಚ್ಚು. ಅರಸನಿಗೆ ಹಿಡಿದ ಹುಚ್ಚು ಪ್ರಜೆಗಳನ್ನು ಬಿಡುತ್ತದೆಯೇ? ಇಡೀ ಊರು ನಾಟಕದ ಹಾಡು ಗುನುಗುತ್ತಲೇ ಹೊಲ ಉಳುತ್ತಿತ್ತು, ರೊಟ್ಟಿ ಬಡಿಯುತ್ತಿತ್ತು. ಅರಸನ ನಾಟಕ ಮಂಡಳಿಗೆ ಅಡಿವೆಪ್ಪ ಎಂಬವನು ಸಂಗೀತದ ಮಾಸ್ತರ. ಹಾಡು ಕಟ್ಟುವುದು, ಕಲಿಸುವುದು, ರಂಗದ ಮುಂದಿನ ತಗ್ಗಿನಲ್ಲಿ ಕೂತು ಪೇಟಿ, ಅಂದರೆ ಹಾರ್ಮೋನಿಯಂ ನುಡಿಸುವುದು, ಹಾಡುವವರು ಎಡವಿದರೆ ಎತ್ತಿ ನಿಲ್ಲಿಸುವುದು ಅವನ ಕೆಲಸ. ಆ ಕಾಲದಲ್ಲಿ ಪೇಟಿ ಎಲ್ಲಿತ್ತು ಎಂದು ಕೇಳುವವರು ಕೇಳಿಕೊಳ್ಳಲಿ. ಆನೆ ಹಾಡುವ ಕತೆಯಲ್ಲಿ ಪೇಟಿಗೊಂದು ತಕರಾರೇ?

ಮಾಸ್ತರನ ಹೆಂಡತಿ ತುಂಗವ್ವ ಮಂಡಳಿಯ ಮುಖ್ಯ ಹಾಡುಗಾರ್ತಿ. ಅವಳು ಹಾಡುತ್ತಿದ್ದುದು ಪೇಟಿಯ ಕಪ್ಪು ನಾಲ್ಕನೆಯ ಮನೆಯ, ಅಂದರೆ ಬೆರಳಿಟ್ಟು ಒತ್ತುವ ನಾಲ್ಕನೆಯ ಕಪ್ಪು ಪಟ್ಟಿಯ ಶ್ರುತಿಗೆ. ಅದು ಬಲು ಎತ್ತರದ ಶ್ರುತಿ. ಅವಳಿಗೆ ಒಪ್ಪಿದ್ದು ಎಲ್ಲರಿಗೂ ಒಪ್ಪುತ್ತದೆ ಎಂದುಕೊಂಡು ಮಾಸ್ತರ ಮಂಡಳಿಯ ಎಲ್ಲರನ್ನೂ ಅದೇ ಮನೆಯಲ್ಲಿ ಹಾಡಿಸುತ್ತಿದ್ದ. ಯಾರ ಗಂಟಲು ಎಲ್ಲಿಯವರೆಗೆ ಏರುತ್ತದೆ ಎಂದು ಕೇಳುವ ವ್ಯವಧಾನ ಅವನಿಗಿರಲಿಲ್ಲ. ಹೆಸರು ಬಂದಿತ್ತು, ಹೆಸರಿನ ಬೆನ್ನಿಗೆ ಒಂದಿಷ್ಟು ಕೊಬ್ಬೂ ಬಂದಿತ್ತು.

ಒಂದು ದಿನ ಮಧ್ಯಾಹ್ನದ ಆಟ ನಡೆದಾಗ ಉಗ್ರಕೇತು ಎಂಬ ಮಾಟಗಾರ ತನ್ನ ಗುಡ್ಡದಿಂದ ಇಳಿದು ಬಂದ. ನೇರವಾಗಿ ರಂಗ ಹತ್ತಿ ಅರಸನಿಗೆ ಕೈಮುಗಿದ.

"ನನಗೂ ಒಂದು ಹಾಡು ಹಾಡಬೇಕಂತ ಭಾಳ ದಿನದ ಆಸೆ ಐತ್ರಿ."

ಅರಸ ಹೂಂ ಎಂದ. ಮಾಸ್ತರ ಒಂದು ಮಾತೂ ಕೇಳದೆ ಕಪ್ಪು ನಾಲ್ಕರ ಮೇಲೆ ಬೆರಳಿಟ್ಟ. ಪಾಪ, ಎರಡನೆಯ ಸಾಲಿಗೇ ಉಗ್ರಕೇತುವಿನ ದನಿ ಒಡೆದು ಮೇಕೆಮರಿ ಕೂಗಿದ ಹಾಗಾಯಿತು. ಜನ ನಕ್ಕರು. ರಂಗದ ಮೇಲಿದ್ದ ಮಂಡಳಿಯವರು ನಕ್ಕರು. ತಗ್ಗಿನಲ್ಲಿ ಕೂತ ಮಾಸ್ತರನೂ ನಕ್ಕ.

ಉಗ್ರಕೇತು ಕಾಲು ಅಪ್ಪಳಿಸಿದ. ಹಿಂದಿನ ಹೂದೋಟದ ಪರದೆ ಒಮ್ಮೆ ಉಬ್ಬಿತು, ಒಮ್ಮೆ ತಗ್ಗಿತು. ಅಷ್ಟರಲ್ಲಿ ರಂಗದ ಮೇಲಿದ್ದವರೆಲ್ಲ ಆ ಪರದೆಯೊಳಗೆ ಚಿತ್ರವಾಗಿ ನಿಂತಿದ್ದರು. ತುಂಗವ್ವ ಒಬ್ಬಳು ನಕ್ಕಿರಲಿಲ್ಲ, ಆದರೆ ಮಾಟಕ್ಕೆ ಕಣ್ಣೆಲ್ಲಿದೆ, ಅವಳೂ ಬಣ್ಣವಾದಳು. ತಗ್ಗಿನಲ್ಲಿದ್ದ ಮಾಸ್ತರನೂ ತಬಲಾದವನೂ ಉಳಿದರು. ತಬಲಾದವನು ಎದ್ದು ಓಡಿದ. ಅವನು ಎಲ್ಲಿ ನಿಂತನೋ ಇಂದಿಗೂ ಗೊತ್ತಿಲ್ಲ.

ಉಗ್ರಕೇತು ಪರದೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ.

"ನನ್ನ ಗುಡ್ಡದಾಗ ಮೂರು ಮಂದಿ ಹಾಡೋರು ಇದ್ದಾರ. ಮೂವರಿಗೂ ಸರಿಯಾಗಿ ಪೇಟಿ ಸಾಥ್ ಕೊಟ್ಟರ ನಿನ್ನ ಮಂಡಳಿ ನಿನಗ. ಒಬ್ಬರ ಹಾಡು ಕೆಟ್ಟರೂ ನೀನೂ ಚಿತ್ರ ಆಗ್ತಿ, ನಿನ್ನ ಹೆಂಡತಿಯೂ ಅಲ್ಲೇ ಇರ್ತಾಳ."

ಅರಸ ಸೈನ್ಯ ಕಳಿಸುತ್ತೇನೆಂದ. ಮಾಸ್ತರ ತಲೆಯಾಡಿಸಿದ. "ಇದು ಕತ್ತಿ ಕೆಲಸ ಅಲ್ರಿ ದೊರೆ. ತಪ್ಪು ನಂದು, ನಾನೇ ಹೋಗ್ತೀನಿ." ಪೇಟಿಯನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟ. ದಾರಿಯುದ್ದಕ್ಕೂ ಅವನ ಕಣ್ಣ ಮುಂದೆ ಇದ್ದುದು ಒಂದೇ, ಬಣ್ಣವಾಗಿ ನಿಂತ ತುಂಗವ್ವನ ಮುಖ. ಅಳು ಬಂದಾಗ ಅತ್ತ, ಬತ್ತಿದಾಗ ನಡೆದ.

ಗುಡ್ಡದ ಬುಡದಲ್ಲಿ ಕಬ್ಬಿಣದ ಬಣ್ಣದ ಆನೆಯೊಂದು ದಾರಿಗೆ ಅಡ್ಡ ನಿಂತಿತ್ತು.

"ನಾನು ಹಾಡ್ತೀನಿ, ನೀ ನುಡಸು" ಎಂದಿತು.

ಮಾಸ್ತರನ ಬೆರಳು ಹಳೆಯ ಚಾಳಿಯಂತೆ ಕಪ್ಪು ನಾಲ್ಕಕ್ಕೆ ಹೋಯಿತು. ಆನೆ ಬಾಯಿ ತೆರೆಯಿತು. ಅದರ ಕತ್ತಿನ ನರಗಳು ಉಬ್ಬಿದ್ದನ್ನು ಕಂಡು ಅವನು ಥಟ್ಟನೆ ಬೆರಳು ಎತ್ತಿದ.

"ತಡೀರಿ ಗಜರಾಜರ. ಮೊದಲು ಸುಮ್ಮನ ಎರಡು ಮಾತಾಡ್ರಿ. ಮುಂಜಾನೆ ಏನು ತಿಂದ್ರಿ?"

ಆನೆಗೆ ಇದಕ್ಕಿಂತ ಪ್ರಿಯವಾದ ಪ್ರಶ್ನೆ ಇನ್ನೇನಿದೆ? ಕಬ್ಬು, ಬಾಳೆ, ಬಿದಿರು, ಹಲಸು ಎಂದು ಒಂದು ಗಳಿಗೆ ಹೇಳಿತು. ಮಾತಾಡುವ ದನಿಯೊಳಗೇ ಹಾಡುವ ದನಿ ಅಡಗಿರುತ್ತದೆ. ಮಾಸ್ತರ ಕಿವಿಗೊಟ್ಟು ಕೇಳಿ, ಪೇಟಿಯ ಎಡತುದಿಯ, ಎಲ್ಲಕ್ಕಿಂತ ತಗ್ಗು ದನಿಯ ಮನೆ ಹಿಡಿದ. ಆನೆ ಹಾಡಿತು. ಕಲ್ಲುಗಳು ಸಣ್ಣಗೆ ನಡುಗಿದವು. ಹಾಡು ಮುಗಿಸಿ ಆನೆ ತನ್ನ ಸೊಂಡಿಲನ್ನೇ ನೋಡಿಕೊಂಡಿತು.

"ನನ್ನ ದನಿ ಇಷ್ಟು ಚಂದ ಐತಂತ ನನಗ ಗೊತ್ತಿರಲಿಲ್ಲ" ಎಂದು ಬದಿಗೆ ಸರಿಯಿತು. ಅದೇ ಹೊತ್ತಿಗೆ ಗುಡ್ಡದ ನೆತ್ತಿಯಲ್ಲಿ ಉಗ್ರಕೇತು ತೂಗುಹಾಕಿದ್ದ ಪರದೆಯಿಂದ ರಾಜಪಾರ್ಟಿನವನೂ ಹಾಸ್ಯದವನೂ ದೊಪ್ಪನೆ ಕೆಳಗೆ ಬಿದ್ದರು. ಅವರು ಒಬ್ಬರನ್ನೊಬ್ಬರು ಬೈಯುವುದು ಕೆಳಗಿನ ತನಕ ಕೇಳಿಸಿತು. ಆ ಬೈಗುಳ ಕೇಳಿ ಮಾಸ್ತರನಿಗೆ ಅರ್ಧ ಜೀವ ಬಂತು.

ನಡುಗುಡ್ಡದ ಕೆರೆಯಲ್ಲಿ ಬಂಡಿಯಷ್ಟು ದೊಡ್ಡ ಆಮೆ ಇತ್ತು. ಮರುದಿನ ಮುಂಜಾನೆ ಎಳೆ ಬಿಸಿಲಿಗೆ ಅದು ಹಾಡಿನ ಮೊದಲ ಸಾಲು ಹಾಡಿತು. ಎರಡನೆಯ ಸಾಲು ಅದಕ್ಕೆ ನೆನಪಾಗಬೇಕು. ಅಲ್ಲಿಯವರೆಗೆ ಪೇಟಿ ನಿಲ್ಲುವಂತಿಲ್ಲ, ಮುಂದಕ್ಕೆ ಓಡುವಂತೆಯೂ ಇಲ್ಲ. ಮಾಸ್ತರ ಮೊದಲ ಸಾಲನ್ನೇ ತಿರುವಿ ನುಡಿಸಿದ. ಬಿಸಿಲು ಏರಿತು. ಮತ್ತೆ ತಿರುವಿದ. ಬೇಸರ ಬಾರದ ಹಾಗೆ ಒಂದು ಮುರಕಿ, ಸ್ವರದ ಸಣ್ಣ ಬಳುಕು, ಸೇರಿಸಿ ತಿರುವಿದ. ಸೂರ್ಯ ನೆತ್ತಿಗೆ ಬಂದ. ಬೆರಳು ಬಾತವು, ಬೆನ್ನು ಮುರಿಯಿತು. ಆದರೂ ಅವನ ಕಣ್ಣು ಪೇಟಿಯ ಮೇಲಿರಲಿಲ್ಲ, ಆಮೆಯ ಕತ್ತಿನ ಮೇಲಿತ್ತು. ಕತ್ತು ಕೂದಲೆಳೆಯಷ್ಟು ಹೊರಬಂದದ್ದನ್ನು ಕಂಡವನೇ ತಾಳವನ್ನು ಅದರ ಬಾಯಿಗೆ ಸರಿಯಾಗಿ ತಂದಿಟ್ಟ. ಆಮೆ ಎರಡನೆಯ ಸಾಲು ಎತ್ತಿಕೊಂಡಿತು.

"ಎಲ್ಲಾರೂ ನನ್ನ ಬಿಟ್ಟು ಮುಂದ ಓಡ್ತಿದ್ರು" ಎಂದಿತು ಆಮೆ, ಹಾಡೆಲ್ಲ ಮುಗಿದ ಮೇಲೆ. "ನೀ ಒಬ್ಬ ನಿಂತಿ."

ಪರದೆಯಿಂದ ಉಳಿದ ನಟರೆಲ್ಲ ದಬದಬನೆ ಉದುರಿದರು. ತುಂಗವ್ವನೊಬ್ಬಳು ಉಳಿದಳು.

ಮಾಸ್ತರ ನೆತ್ತಿ ತಲುಪಿದಾಗ ಹೊತ್ತು ಪಡುವಣಕ್ಕೆ ವಾಲಿತ್ತು. ಬಿಡುಗಡೆಯಾದ ಮಂಡಳಿಯವರು ನೆಲದ ಮೇಲೆ ಸಾಲಾಗಿ ಕೂತಿದ್ದರು. ಪರದೆಯ ಮುಂದೆ ಉಗ್ರಕೇತು ನಿಂತಿದ್ದ.

"ಮೂರನೆಯವರು ಯಾರ್ರಿ?" ಮಾಸ್ತರ ಕೇಳಿದ.

ಮಾಟಗಾರ ಪರದೆಯ ಅಂಚು ಹಿಡಿದುಕೊಂಡ. "ನಾನ" ಎಂದ.

ಮಾಸ್ತರ ಪೇಟಿ ಇಳಿಸಿ ಕೈಮುಗಿದ. "ಅವತ್ತು ನಿಮ್ಮ ಶ್ರುತಿ ಕೇಳಲಿಲ್ಲ. ಅದರ ಮ್ಯಾಲ ನಕ್ಕೆ. ತಪ್ಪಾತ್ರಿ."

ಉಗ್ರಕೇತುವಿನ ಸಿಟ್ಟು ಕಟ್ಟೆಯೊಡೆಯಿತು. ನಿನ್ನ ಪೇಟಿಗೆ ಬೆಂಕಿ ಬೀಳಲಿ, ನಿನ್ನ ಬೆರಳಿಗೆ ಹುಳ ಬೀಳಲಿ ಎಂದು ಬಾಯಿಗೆ ಬಂದಂತೆ ಬೈದ. ಮಾಸ್ತರ ಕಣ್ಣು ಮುಚ್ಚಿ ಒಂದೊಂದು ಬೈಗುಳವನ್ನೂ ಕೇಳಿದ.

"ಸಾಕ್ರಿ, ಸಿಕ್ತು. ನಿಮ್ಮದು ಬಿಳಿ ಎರಡು. ಹಾಡ್ರಿ."

ಉಗ್ರಕೇತು ಹಾಡಿದ. ಮೊದಲ ಸಾಲು ನೆಟ್ಟಗೆ ಬಂತು, ಎರಡನೆಯದೂ ಬಂತು. ಮೂರನೆಯ ಸಾಲಿಗೆ ಅವನ ಕಣ್ಣು ಕೂತವರ ಕಡೆ ಹೋಯಿತು, ಹಾಡು ಮರೆತುಹೋಯಿತು. ಹಾಸ್ಯದವನ ಕೆನ್ನೆ ಉಬ್ಬಿತು. ಆ ನಗೆ ಹೊರಬಿದ್ದರೆ ತುಂಗವ್ವ ಹೋದಳು. ಮಾಸ್ತರ ಒಂದೇ ಒಂದು ಸಲ ದುರುಗುಟ್ಟಿ ನೋಡಿದ, ಹಾಸ್ಯದವನು ನಗೆಯನ್ನು ನುಂಗಿಕೊಂಡ. ಪೇಟಿ ಎರಡನೆಯ ಸಾಲನ್ನು ತಿರುವಿತು, ಅದರ ಕೆಳಗೆ ಮೂರನೆಯ ಸಾಲಿನ ದಾರಿಯನ್ನು ಸಣ್ಣಗೆ ತೋರಿಸಿತು. ಉಗ್ರಕೇತು ಹಿಡಿದುಕೊಂಡ. ಹಾಡು ಕೊನೆ ಮುಟ್ಟಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ತಮ್ಮನ್ನು ಚಿತ್ರ ಮಾಡಿದವನಿಗೆ ಯಾರು ತಟ್ಟುತ್ತಾರೆ? ಪರದೆಯೂ ಅಲುಗಲಿಲ್ಲ.

ಆಗ ಪರದೆಯೊಳಗಿಂದ ಒಂದು ದನಿ ಬಂತು.

"ವನ್ಸ್ ಮೋರ್."

ಉಗ್ರಕೇತು ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ. ಅತ್ತಷ್ಟೂ ಅವನ ಮಂತ್ರಗಳು ಒಂದೊಂದಾಗಿ ಮರೆತುಹೋದವು. ತುಂಗವ್ವ ಸೆರಗು ಕೊಡವಿಕೊಂಡು ಪರದೆಯಿಂದ ಹೊರಗೆ ಕಾಲಿಟ್ಟಳು. ಮಾಸ್ತರ ಅವಳ ಕೈ ಹಿಡಿದು ಬೆಚ್ಚಗಿದೆಯೇ ಎಂದು ನೋಡಿದ. ಬೆಚ್ಚಗಿತ್ತು. ಎದೆಯ ಮೇಲಿಂದ ಗುಡ್ಡ ಇಳಿದ ಹಾಗಾಗಿ ಅಲ್ಲೇ ನೆಲಕ್ಕೆ ಕೂತುಬಿಟ್ಟ.

"ಅವಗ್ಯಾಕ ವನ್ಸ್ ಮೋರ್ ಕೊಟ್ಟಿ?" ಎಂದ ಕಡೆಗೆ.

"ಚಲೋ ಹಾಡಿದ, ಕೊಟ್ಟೆ" ಎಂದಳು ತುಂಗವ್ವ ಪಕ್ಕದಲ್ಲಿ ಕೂರುತ್ತ. "ನಂದೊಂದು ಮಾತು ಐತ್ರಿ. ನನಗೂ ಎರಡು ಮನಿ ಕೆಳಗ ಇಳಸ್ರಿ. ಹನ್ನೆರಡು ವರ್ಷ ಆತು, ಗಂಟಲು ಉರಿತೈತಿ."

"ಹೇಳಬಾರದಿತ್ತೇನ?"

"ನೀವು ಕೇಳಿದ್ರೇನು?"

ಮಾಸ್ತರ ಪೇಟಿಯನ್ನು ಹತ್ತಿರಕ್ಕೆ ಎಳೆದುಕೊಂಡು, "ಮಾತಾಡು, ಕೇಳ್ತೀನಿ" ಎಂದ. ತುಂಗವ್ವ ಹನ್ನೆರಡು ವರ್ಷದ್ದನ್ನೆಲ್ಲ ಮಾತಾಡಿದಳು. ಇಡೀ ಮಂಡಳಿ ಕಾದು ಕೂತಿತು.

ಮುಂದೆ ಉಗ್ರಕೇತು ಮಂಡಳಿಯಲ್ಲಿ ಸಾಧುವಿನ ಪಾರ್ಟು ಮಾಡಿ ಹೆಸರು ಗಳಿಸಿದ. ಆನೆ ಪ್ರತಿ ಆಟಕ್ಕೂ ಬಂದು ಎಲ್ಲರ ಹಿಂದೆ ನಿಲ್ಲುತ್ತಿತ್ತು. ಆಮೆಯೂ ಹೊರಟಿದೆ ಎಂದು ಸುದ್ದಿ. ಕಂಕಣಾವತಿಯವರು ತಮ್ಮ ತಮ್ಮ ದನಿಯಲ್ಲಿ ಹಾಡಿಕೊಂಡು, ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿ ನೂರು ಕಾಲ ಬಾಳಿದರು.