ಖಲೀದಾ ಮುಟ್ಟಿದ ಜೋಳ

"ಮೇಡಮ್, ಒಳಗೆ ಕೈ ಹಾಕಬೇಡಿ. ಸ್ಕೂಪ್ ಇದೆ ಅಲ್ಲಿ."

ಇಂಗ್ಲಿಷಿನಲ್ಲಿ ಬಂದ ಆ ಗಡಸು ದನಿಗೆ ಖಲೀದಾ ಬೆಚ್ಚಿ ಕೈ ಹಿಂದೆ ತೆಗೆದಳು.

ವುಡ್‌ರಿಡ್ಜ್ ಹತ್ತಿರದ, ಸದಸ್ಯರೇ ಸೇರಿ ನಡೆಸುವ ಆ ನ್ಯಾಚುರಲ್ ಫುಡ್ ಕೋ-ಆಪ್‌ನಲ್ಲಿ ಕಾಳುಕಡಿಯ ಡಬ್ಬಗಳನ್ನು ಸಾಲಾಗಿ ಇಟ್ಟಿದ್ದರು. ಬಿಳಿಜೋಳ ಕಂಡದ್ದೇ ತಡ, ಅವಳ ಕೈ ತಾನಾಗಿಯೇ ಒಳಗಿಳಿದಿತ್ತು. ಗದಗಿನಲ್ಲಿ ಮುಷ್ಟಿ ತುಂಬ ಎತ್ತಿ, ಬೆರಳ ಸಂದಿಯಿಂದ ಬಿಟ್ಟು ನೋಡದೆ ಯಾರಾದರೂ ಜೋಳ ಕೊಳ್ಳುವುದುಂಟೇ?

ಎದುರಿಗೆ ಹಸಿರು ಏಪ್ರನ್ ತೊಟ್ಟ, ಗಡ್ಡ ನರೆತ ಗಂಡಸು. ಆತ ಇಡೀ ಡಬ್ಬ ಎತ್ತಿ, ಜೋಳವನ್ನೆಲ್ಲ ಚೀಲಕ್ಕೆ ಸುರಿದ. ಚೀಲದ ಮೇಲೆ 'ಕಾಂಪೋಸ್ಟ್' ಎಂದು ಬರೆದ.

ಸುತ್ತಲಿದ್ದವರು ತಿರುಗಿ ನೋಡಿದರು.

ಖಲೀದಾಳ ಮೈ ಉರಿಯಿತು. ಕನ್ನಡ ಟೀಚರ್ ಆಗಿ ಮೊದಲು ಸೇರಿದ ಹಳ್ಳಿಯ ಶಾಲೆಯಲ್ಲಿ, ಸ್ಟಾಫ್ ರೂಮಿನ ಕಿಟಕಿಯಲ್ಲಿ ಅವಳೊಬ್ಬಳಿಗೆಂದೇ ಬೇರೆ ಲೋಟ ಇಟ್ಟಿದ್ದರು. ಆಗ ಹೊತ್ತಿದ್ದೂ ಇದೇ ಉರಿ... ಇಷ್ಟು ದೂರ ಪರದೇಶಕ್ಕೆ ಬಂದರೂ ತಪ್ಪಲಿಲ್ಲವಲ್ಲ.

ಸಿಟ್ಟು ಬಂದಾಗ ಅವಳಿಗೆ ಇಂಗ್ಲಿಷ್ ಬಾಯಿಗೆ ಬರುತ್ತಿರಲಿಲ್ಲ. ಇವನಿಗೆಲ್ಲಿ ತಿಳಿಯುತ್ತದೆ ಎಂಬ ಧೈರ್ಯದಲ್ಲಿ ಅಂದೇಬಿಟ್ಟಳು: "ನನ್ನ ಕೈ ತಾಗಿದ್ದಕ್ಕ ಅಷ್ಟೂ ಜ್ವಾಳ ತಿಪ್ಪಿಗೆ ಹಾಕ್ತೀಯಾ? ಅನ್ನದ ಬೆಲಿ ಗೊತ್ತೈತೇನು ನಿನಗ?"

ಆತನ ಕೈ ಅಲ್ಲೇ ನಿಂತಿತು.

"ಗೊತ್ತೈತ್ರಿ," ಎಂದ ಮೆಲ್ಲಗೆ. "ನಮ್ಮದು ಲಕ್ಷ್ಮೇಶ್ವರ. ಹೆಸರು ಪೀರ್ ಸಾಬ್. ಇದು ಇಲ್ಲಿನ ರೂಲ್ಸ್ ರೀ... ಯಾರ ಕೈ ಬಿದ್ರೂ ಅಷ್ಟ."

ನಾಚಿಕೆಯಾಗಬೇಕಾದಲ್ಲಿ ಅವಳ ಸಿಟ್ಟು ಇಮ್ಮಡಿಯಾಯಿತು. ನಮ್ಮ ಕಡೆಯವನೇ ಹೀಗೆ ಮಾಡಿದನಲ್ಲ! ಬುಟ್ಟಿಯನ್ನು ಅಲ್ಲೇ ಇಟ್ಟು ಹೊರಟುಹೋದಳು.

"ಇಟ್ಸ್ ಜಸ್ಟ್ ಹೈಜೀನ್, ಅಮ್ಮಿ," ಎಂದಳು ಕಾರಿನಲ್ಲಿ ಮಗಳು ಸುಬಿಯಾ, ನಡೆದದ್ದನ್ನು ಕೇಳಿ. ಗಂಡ ತೀರಿಕೊಂಡ ಮೇಲೆ ಖಲೀದಾ ಇರುತ್ತಿದ್ದುದು ಅವಳ ಮನೆಯಲ್ಲೇ.

ಮುಂದಿನ ಶನಿವಾರ ಖಲೀದಾ ಬೇಕೆಂದೇ ಅಲ್ಲಿಗೇ ಹೋದಳು. ಅವಮಾನವಾಯಿತೆಂದು ಮನೆಯಲ್ಲಿ ಮುದುಡಿ ಕೂರುವ ಹೆಂಗಸಲ್ಲ ಅವಳು.

ಕೋ-ಆಪ್‌ನ ಮೂಲೆಯಲ್ಲಿ ಊಟಕ್ಕೆಂದು ನಾಲ್ಕಾರು ಮೇಜುಗಳಿದ್ದವು. ಬುತ್ತಿ ಬಿಚ್ಚಿ ಕೂತಿದ್ದ ಪೀರ್ ಸಾಬ್ ಅವಳನ್ನು ಕಂಡು ಎದ್ದು ನಿಂತ.

"ಕೂಡ್ರಿ. ಒಂದ್ ತುತ್ತು ತಿನ್ರಿ."

"ನಾ ಯಾಕ ತಿನ್ನಲಿ?"

"ನೀವು ಮುಟ್ಟಿದ ಜ್ವಾಳ ರೀ ಇದು. ಮ್ಯಾನೇಜರನ್ನ ಕೇಳಿ ಚೀಲ ಮನಿಗೆ ಒಯ್ದೆ. ತೊಳದು, ಒಣಗಿಸಿ, ಬೀಸಿ... ವಾರದಿಂದ ಅದನ್ನ ಉಣ್ಣಾಕತ್ತೀನಿ. ಅನ್ನ ಚೆಲ್ಲೂ ಮಂದಿ ಅಲ್ರೀ ನಾವು."

ಖಲೀದಾ ಬುತ್ತಿಯಲ್ಲಿದ್ದ ರೊಟ್ಟಿಯ ಕಡೆ ನೋಡಿದಳು. ಬೇರೆ ಲೋಟ ಇಟ್ಟವರನ್ನು ಅವಳು ಕಂಡಿದ್ದಳು. ತಾನು ಮುಟ್ಟಿದ್ದನ್ನು ಹೊತ್ತೊಯ್ದು ಉಂಡವರನ್ನು ಕಂಡಿರಲಿಲ್ಲ.

ಕೂತಳು. ರೊಟ್ಟಿ ಮುರಿದು ಶೇಂಗಾ ಚಟ್ನಿಗೆ ಅದ್ದಿ ಬಾಯಿಗಿಟ್ಟಳು.

"ರೊಟ್ಟಿ ಭಾಳ ದಪ್ಪ ಆಗ್ಯಾವ," ಎಂದಳು, ಬಿಗುಮಾನ ಬಿಡದೆ. "ಹಿಟ್ಟಿಗೆ ಕುದಿಯೂ ನೀರು ಹಾಕಿ ನಾದಬೇಕು."

"ಹೆಂಡ್ತಿ ಹೋದ ಮ್ಯಾಲೆ ಕಲತದ್ದು ರೀ. ಹೇಳಿಕೊಡಾಕ ಯಾರೂ ಇರಲಿಲ್ಲ."

ಅಲ್ಲೇ ಸಮೀಪದ ಊರು ಇಟಾಸ್ಕಾದ ಹೋಟೆಲೊಂದರಲ್ಲಿ ಮೇಂಟೆನೆನ್ಸ್ ಕೆಲಸ ಮಾಡಿ ರಿಟೈರ್ ಆದವನು ಆತ. ಒಂಟಿ ಮನೆಯಲ್ಲಿ ಹೊತ್ತು ಹೋಗದೆ ಕೋ-ಆಪ್‌ಗೆ ಸದಸ್ಯನಾಗಿ, ಶನಿವಾರ ಇಲ್ಲಿ ದುಡಿಯುತ್ತಿದ್ದ.

ಆ ಚಳಿಗಾಲವೆಲ್ಲ ಶನಿವಾರದ ಊಟ ಇಬ್ಬರದೂ ಅದೇ ಮೇಜಿನಲ್ಲಿ ನಡೆಯಿತು. ಮಗಳು ಸಾಮಾನು ಕೊಳ್ಳಲೆಂದು ಬಿಟ್ಟು ಹೋದರೆ, ಖಲೀದಾ ಬೇಗ ಬೇಗ ಕೊಂಡು ಮುಗಿಸಿ ಬಂದು ಕೂರುತ್ತಿದ್ದಳು.

ಹಿಮ ಕರಗುವ ಹೊತ್ತಿಗೆ ಸುದ್ದಿ ಸುಬಿಯಾಳ ಕಿವಿಗೆ ಬಿತ್ತು.

"ಮಸೀದಿಯಲ್ಲಿ ಆಂಟಿಯರೆಲ್ಲ ಮಾತಾಡ್ತಿದಾರೆ, ಅಮ್ಮಿ. ಈ ವಯಸ್ಸಲ್ಲಿ... ಇನ್ಮೇಲೆ ಗ್ರೋಸರಿ ನಾನೇ ಆನ್‌ಲೈನ್ ಆರ್ಡರ್ ಮಾಡ್ತೀನಿ. ನೀನು ಹೋಗೋದು ಬೇಡ."

"ಈ ವಯಸ್ಸಿನ್ಯಾಗ ಏನು? ಹಸಿವು ಆಗೂದಿಲ್ಲೇನು?"

ಮಗಳು ಆ ಶನಿವಾರ ಕಾರನ್ನೇ ತೆಗೆಯಲಿಲ್ಲ.

ಪೀರ್ ಸಾಬ್‌ನ ಫೋನ್ ಬರಬಹುದೆಂದು ಖಲೀದಾ ಕಾದಳು. ಒಂದು ಶನಿವಾರ ಹೋಯಿತು, ಇನ್ನೊಂದೂ ಹೋಯಿತು. ಫೋನ್ ಬರಲಿಲ್ಲ.

ಹೆದರಿದನೇ? ಅಷ್ಟೇ ಏನು ಆತನ ಗಂಡಸುತನ?

ಕೊನೆಗೊಂದು ಶನಿವಾರ ತಾನೇ ಊಬರ್ ಕರೆದು ಹೋದಳು. ಆತ ಹುರುಳಿ ತುಂಬುತ್ತಿದ್ದ.

"ಸತ್ತೀನೋ ಇದ್ದೀನೋ ಅಂತ ಒಂದ್ ಫೋನ್ ಮಾಡಾಕ ಆಗಲಿಲ್ಲೇನ್ರೀ?"

ಪೀರ್ ಸಾಬ್ ತಲೆ ತಗ್ಗಿಸಿದ. "ಸುಬಿಯಾ ಬಂದಿದ್ಲು. 'ಅಮ್ಮಿಯನ್ನ ಬಿಟ್ಟುಬಿಡಿ ಅಂಕಲ್' ಅಂತ ಕಣ್ಣಾಗ ನೀರು ತಂದ್ಲು. ಮಗಳ ಮನಸ್ಸು ನೋಯಿಸಬಾರದು ಅಂತ..."

"ಆಕಿ ಹೇಳಿದ್ಲು, ನೀವು ಹೂಂ ಅಂದ್ರಿ." ಖಲೀದಾ ದನಿ ಏರಿಸಿದಳು. "ಇಬ್ಬರೂ ಕೂಡಿ ನನ್ನ ಬಾಳುವೆ ತೀರ್ಮಾನ ಮಾಡಿಬಿಟ್ರಿ. ನನ್ನ ಯಾರರ ಕೇಳಿದ್ರೇನು? ಊರು ಬಿಡು ಅಂದಾಗ ಬಿಟ್ಟೆ. ನೌಕರಿ ಬಿಡು ಅಂದಾಗ ಬಿಟ್ಟೆ. ಇನ್ನೂ ಎಷ್ಟು ಬಿಡಬೇಕ್ರೀ ನಾನು?"

ಆತ ಏಪ್ರನ್ ಬಿಚ್ಚಿ ಪಕ್ಕಕ್ಕಿಟ್ಟ.

"ತಪ್ಪಾತ್ರಿ. ಈಗ ಕೇಳ್ತೀನಿ. ಖಲೀದಾ... ನನ್ನ ಜೋಡಿ ನಿಕಾಹ್ ಆಗ್ತೀರೇನು?"

ಖಲೀದಾಳ ಕಣ್ಣು ತುಂಬಿಬಂತು. ಅವಳು ಕೈಚೀಲದಿಂದ ಫೋನ್ ತೆಗೆದು ಮಗಳಿಗೆ ಹಚ್ಚಿದಳು.

"ಸುಬಿಯಾ, ನಾ ಕೋ-ಆಪ್‌ನಾಗ ಇದ್ದೀನಿ. ಪೀರ್ ಸಾಬ್ ನಿಕಾಹ್ ಆಗ್ತೀರೇನು ಅಂತ ಕೇಳ್ಯಾರ. ನಾ ಹೂಂ ಅನ್ನೂಕಿ. ಏನ್ ಹೇಳೂದಿದ್ರೂ ಬಂದು ನನ್ನ ಎದುರಿಗೆ ಹೇಳು."

ಆ ಕಡೆಯಿಂದ ಸಣ್ಣ ದನಿ. "ಅಮ್ಮಿ... ಆರ್ ಯೂ ಹ್ಯಾಪಿ?"

"ಇಲ್ಲ, ಭಾಳ ಸಿಟ್ಟಿನ್ಯಾಗ ಇದ್ದೀನಿ. ಆದ್ರೂ ಹೂಂ."

ಸುಬಿಯಾ ಅಳುತ್ತಲೇ ನಕ್ಕಳು. "ಅಲ್ಲೇ ಇರು. ಬರ್ತೀನಿ."

ಪೀರ್ ಸಾಬ್ ಖಲೀದಾಳಿಗಾಗಿ ಕುರ್ಚಿ ಎಳೆದ.

"ಈ ಸಿಟ್ಟು ಯಾವಾಗ ಇಳೀತೈತ್ರಿ?"

"ಇಳಿಯೂದಿಲ್ಲ. ಅದನ್ನೂ ಕರಕೊಂಡ ಬರ್ತೀನಿ. ನಡೀತೈತೇನು?"

"ನಡೀತೈತ್ರಿ. ಉಂಡೀರೇನು?"

"ಎಲ್ಲಿ?" ಖಲೀದಾ ಕಣ್ಣೊರೆಸಿಕೊಂಡಳು. "ನಿಮ್ಮನ್ನ ಬೈಯೂ ಅವಸರದಾಗ ಹಸಿವು ಮರತಿದ್ದೆ."