ರೇಷ್ಮೆ ನಾಲಿಗೆಯ ಪತಂಗ

"ಇದಕ್ಕೆ ನಾಲಿಗೆ ಎಲ್ಲಿಂದ ಬಂತು?"

ಕೃತ್ತಿಕಾ ಲೆನ್ಸ್‌ನಿಂದ ಕಣ್ಣು ತೆಗೆಯದೆ ಕೇಳಿದಳು. ಲ್ಯಾಬ್ ಬಾಗಿಲಿಗೆ ಒರಗಿ ಹೀರೋ ಪೋಸ್ ಕೊಟ್ಟಿದ್ದ ದಂಡಪಾಣಿಯ ಮೊಣಕೈ ಜಾರಿತು.

ಒಣಗಿಸಿ ಸೂಜಿ ಚುಚ್ಚಿಟ್ಟ ಗಿಡುಗ ಪತಂಗಗಳ ಪೆಟ್ಟಿಗೆಯನ್ನು ಮಧ್ಯಾಹ್ನದೊಳಗೆ ಅವಳು ಪ್ರೊಫೆಸರಿಗೆ ಒಪ್ಪಿಸಬೇಕು. ಗಾಂಧಿಪುರಂ ಬಸ್ಸಿನ ನೂಕಾಟ ಬೇಡವೆಂದು ಬೆಳಿಗ್ಗೆ ಅದನ್ನು ಬೈಕಿನಲ್ಲಿ ತಂದವನು ಪಕ್ಕದ ಬೀದಿಯ ಮಗ್ಗದ ಮನೆಯ ಈ ದಂಡಪಾಣಿ. ಭಾನುವಾರ ಅವನಮ್ಮ ಹೆಣ್ಣು ಕೇಳಲು ಬರುವವಳಿದ್ದಳು. ಕೃತ್ತಿಕಾ ಇನ್ನೂ ಹೂಂ ಅಂದಿರಲಿಲ್ಲ.

"ಪತಂಗ ಅಂದಮೇಲೆ ನಾಲಿಗೆ ಇರಲ್ಲವಾ ಪುಳ್ಳ? ಜೇನು ಕುಡೀಬೇಕಲ್ಲ!" ಹುಡುಗಿಯನ್ನು ಪುಳ್ಳ ಅನ್ನುವುದು ಅವರ ಬೀದಿಯ ಸಲಿಗೆ.

"ಬಾ ಇಲ್ಲಿ. ನೋಡು."

ಬಾಗಿದ. ಅವಳ ಕೆನ್ನೆಗೆ ಅಂಟಿದ್ದ ರೆಕ್ಕೆಹುಡಿ ಮಿನುಗುತ್ತಿತ್ತು.

"ಪತಂಗ ನೋಡು ಅಂದೆ. ನನ್ನ ಮೊಕ ಅಲ್ಲ."

"ಎರಡೂ ಒಂದೇ ಫ್ರೇಮಲ್ಲಿ ಇದಾವೆ. ನಾನೇನ್ ಮಾಡಲಿ?"

ಅವಳು ನಗು ನುಂಗಿದಳು. "ಗಿಡುಗ ಪತಂಗಕ್ಕೆಲ್ಲ ದಪ್ಪ ಮೈ, ಮುಂದಿನ ರೆಕ್ಕೆ ಉದ್ದ, ಹಿಂದಿನದು ಗಿಡ್ಡ. ಅದರಲ್ಲೇ ಮೂರು ಪಂಗಡ. ಆ ಸಾಲಿನವಕ್ಕೆ ಉದ್ದ ನಾಲಿಗೆ, ಸುರುಳಿ ಸುತ್ತಿರ್ತದೆ. ಇದರ ಹೆಸರು ಮರುಂಬಾ. ರೆಕ್ಕೆ ಅಂಚು ನೋಡು, ಹಲ್ಲು ಹಲ್ಲು. ಇದರ ಪಂಗಡಕ್ಕೆ ಮೊಂಡು ನಾಲಿಗೆ. ರೆಕ್ಕೆ ಬಂದಮೇಲೆ ಊಟನೇ ಇಲ್ಲ, ಜೋಡಿ ಹುಡುಕೋದೇ ಕೆಲಸ."

"ನನ್ನಂಗೇ!"

"ಈ ನಾಲಿಗೆ ರೇಷ್ಮೆ ನೂಲು, ದಂಡಪಾಣಿ. ಹರಿದ ಎಳೆ ಕೂಡಿಸೋ ಹುರಿ ಇದೆ ಇದರಲ್ಲಿ. ನಾನೂ ಮಗ್ಗದ ಮನೆಯವಳೇ."

ದಂಡಪಾಣಿ ಹೀರೋ ಪೋಸ್ ಬಿಟ್ಟು ನಿಜ ಹೇಳಿದ.

"ಸ್ಪೀಡ್ ಬ್ರೇಕರಲ್ಲಿ ಬೈಕ್ ಎಗರಿತು. ನಿಲ್ಲಿಸಿ ನೋಡಿದೆ. ಪಕ್ಕದವಕ್ಕೆಲ್ಲ ನಾಲಿಗೆ ಇದೆ, ಇದಕ್ಕಿಲ್ಲ. ನಾನೇ ಮುರಿದೆ ಅಂತ ಭಯ ಆಯ್ತು. ಜೇಬಲ್ಲಿ ಸ್ಯಾಂಪಲ್ ನೂಲಿತ್ತು. ಹರಿದದ್ದನ್ನ ಕೂಡಿಸೋದು ಬಿಟ್ಟು ನಮಗೆ ಇನ್ನೇನ್ ಗೊತ್ತು?"

"ಏನೂ ಮುರಿದಿರಲಿಲ್ಲ. ಈಗ ನೀನು ನಂಬಿಕೆ ಮುರಿದೆ. ನಾನು ನೋಡದೆ ಕೊಟ್ಟಿದ್ದರೆ ಎರಡು ವರ್ಷದ ಕೆಲಸ ನಗೆಪಾಟಲು. ಸುಳ್ಳು ಹೇಳೋನನ್ನ ನಾನು ಕಟ್ಕೊಳಲ್ಲ."

ಅವನು ನೆಟ್ಟಗೆ ನಿಂತ. "ತಪ್ಪಾಯ್ತು. ಇನ್ನೊಂದು ಸುಳ್ಳೂ ಇದೆ, ಈಗಲೇ ಕೇಳು. ದಿನಾ ನಿಮ್ಮ ಬೀದಿಗೆ ಗಿರಾಕಿ ನೋಡೋಕೆ ಬರ್ತೀನಿ ಅಂತೀನಲ್ಲ? ಅಲ್ಲಿ ನನಗೆ ಒಬ್ಬ ಗಿರಾಕಿನೂ ಇಲ್ಲ."

ಕೃತ್ತಿಕಾ ಚಿಮಟದಿಂದ ನೂಲನ್ನು ಮೆಲ್ಲಗೆ ಬಿಡಿಸಿದಳು. ಪತಂಗದ ಒಂದು ಕೂದಲೂ ಕದಲಲಿಲ್ಲ.

"ಅದು ಬೀದಿಗೇ ಗೊತ್ತು."

"ನಿನಗೆ?"

"ಅಪ್ಪನಿಗೂ ಗೊತ್ತು. ಭಾನುವಾರ ಅಮ್ಮನ ಜೊತೆ ನೀನೂ ಬಾ. ಈ ನಾಲಿಗೆ ಕಥೆ ನೀನೇ ಬಾಯಿಬಿಟ್ಟು ಹೇಳಬೇಕು. ಅಪ್ಪ ನಕ್ಕರೆ ಅವತ್ತೇ ತಾಂಬೂಲ."

"ನಗದಿದ್ದರೆ?"

"ನಾನು ನಗ್ತೀನಲ್ಲ, ಸಾಲದಾ?"